ನಿಧಿಯ ಲೆಕ್ಕ ನಿಂತುಹೋದ ರಾತ್ರಿ

(ಸಂಘದ ಸರ್ವಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಭಾಷಣಕ್ಕೆ ನಿಂತವರು ಮೊದಲು ತಮ್ಮ ಅಯೋಗ್ಯತೆಯನ್ನು ನಿವೇದಿಸಿಕೊಳ್ಳುವುದು ನಮ್ಮ ಸಭೆಗಳ ವಾಡಿಕೆ. ಈ ದಿನ ನನಗೆ ಅದು ಬರಿಯ ವಾಡಿಕೆಯಾಗಿ ಉಳಿದಿಲ್ಲ. ನನ್ನಿಂದ ಆದ ಒಂದು ತಪ್ಪಿಗೆ ವಿವರಣೆ ಕೊಡುವುದಕ್ಕಾಗಿಯೇ ಸಮಿತಿಯವರು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ.

ನಡೆದ ಸಂಗತಿ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. 2024ರ ಸೆಪ್ಟೆಂಬರ್ 1, ಭಾನುವಾರ. ವಂತಿಗೆ ತೆಗೆದುಕೊಳ್ಳುವ ದಿನ. ಸಂಜೆ ನಮ್ಮ ಸದಸ್ಯರೊಬ್ಬರಿಗೆ, ಹೋಟೆಲಿನಲ್ಲಿ ಅಡುಗೆಯ ಕೆಲಸ ಮಾಡುವವರು, ಊರಿನಿಂದ ಫೋನು ಬಂತು: ತಂದೆ ತೀರಿಕೊಂಡರೆಂದು. ಅವರು ನೆಟ್ಟಗೆ ನಮ್ಮ ಕಚೇರಿಗೆ ಬಂದರು. ಇಂಥ ಸಮಯಕ್ಕೆಂದೇ ನಮ್ಮ ಸಹಾಯನಿಧಿಯಲ್ಲಿ ತುರ್ತು ಹಣ ಕೊಡುವ ನಿಯಮವಿದೆ. ಆದರೆ ಕಾರ್ಯದರ್ಶಿಗಳು ಸದಸ್ಯರ ವಂತಿಗೆಯ ಲೆಕ್ಕವನ್ನು ಕಣ್ಣಾರೆ ನೋಡದೆ ಹಣ ಕೊಡುವಂತಿಲ್ಲ. ಕಾರ್ಯದರ್ಶಿಗಳು ಯಂತ್ರದ ಮುಂದೆ ಕುಳಿತು ಅವರ ಹೆಸರು ಹೊಡೆದರು. ಅರ್ಧ ನಿಮಿಷ ಚಕ್ರ ತಿರುಗಿತು. ಬಳಿಕ ಕೆಂಪು ಅಕ್ಷರದಲ್ಲಿ, ಡೇಟಾಬೇಸಿಗೆ ಸಂಪರ್ಕ ಸಿಗಲಿಲ್ಲ ಎಂಬ ಉತ್ತರ. ಮತ್ತೆ ಹೊಡೆದರು, ಮತ್ತೆ ಅದೇ ಅರ್ಧ ನಿಮಿಷ, ಅದೇ ಉತ್ತರ. ಹಳೆಯ ಖತಾವಣಿ ಪುಸ್ತಕವೇನೋ ಕಪಾಟಿನಲ್ಲಿತ್ತು, ಆದರೆ ಅದರ ಕೊನೆಯ ಬರಹ 2022ರ ಮಾರ್ಚಿನದು. ನನಗೆ ಫೋನು ಮಾಡಿದರು. ನಾನು ಲೋಕಲ್ ಗಾಡಿಯಲ್ಲಿದ್ದೆ, ಕೇಳಿಸಲಿಲ್ಲ. ಕಡೆಗೆ ಅಲ್ಲಿದ್ದ ಏಳೆಂಟು ಮಂದಿ ತಮ್ಮ ಜೇಬಿನಿಂದ ತೆಗೆದು ಕೂಡಿಸಿ ಅವರನ್ನು ಬಸ್ಸು ಹತ್ತಿಸಿದರು. ನಿಧಿಯ ಹಣ ಅವರ ಕೈ ಸೇರಿದ್ದು ಮೂರನೆಯ ದಿನ. ಅಷ್ಟರಲ್ಲಿ ಊರಿನಲ್ಲಿ ದಹನಕ್ರಿಯೆ ಮುಗಿದು, ಸಾಲವೂ ಆಗಿತ್ತು.

ಅವರು ಹಿಂತಿರುಗಿದ ಮೇಲೆ ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಗಿರಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಕೇಳಿದರು: “ತಮ್ಮಾ, ಪುಸ್ತಕ ಇದ್ದಾಗ ಎಂದಾದರೂ ಹೀಗಾಗಿತ್ತೇನಪ್ಪಾ?” ಆ ಪ್ರಶ್ನೆಗೆ ನಾನು ಅಂದು ಉತ್ತರ ಕೊಡಲಿಲ್ಲ. ಇಂದು ಕೊಡುತ್ತೇನೆ.

ಮೊದಲು, ನೀವು ಹೆಸರು ಹೊಡೆದಾಗ ಏನಾಗುತ್ತದೆಂಬುದನ್ನು ನೋಡೋಣ. ಹೋಟೆಲಿನಲ್ಲಿ ಗಿರಾಕಿ ಹೊರಗೆ ಮೇಜಿನ ಮುಂದೆ ಕುಳಿತಿರುತ್ತಾನೆ. ಸಾಮಾನಿನ ಸ್ಟೋರು ಹಿಂದೆ, ಬೀಗ ಹಾಕಿದ ಕೋಣೆಯಲ್ಲಿರುತ್ತದೆ. ಗಿರಾಕಿ ಎಂದೂ ಸ್ಟೋರಿಗೆ ಹೋಗುವುದಿಲ್ಲ; ನಡುವೆ ಓಡಾಡುವವರು ನಾವು. ಯಂತ್ರದಲ್ಲಿಯೂ ಹಾಗೆಯೇ. ನಿಮ್ಮ ಮೊಬೈಲಿನ ಪರದೆ ಗಿರಾಕಿಯ ಮೇಜು. ಲೆಕ್ಕವೆಲ್ಲ ಇರುವ ಡೇಟಾಬೇಸು ಸ್ಟೋರು. ನಡುವೆ ಸರ್ವರ್ ಎಂಬ ಇನ್ನೊಂದು ಯಂತ್ರದಲ್ಲಿ ಒಂದು ಕಾರ್ಯಕ್ರಮ, ಎಂದರೆ ಪ್ರೋಗ್ರಾಮು, ಸದಾ ಎಚ್ಚರವಾಗಿರುತ್ತದೆ. ನಿಮ್ಮ ಕೋರಿಕೆಯನ್ನು ಕೇಳಿ, ಒಳಗಿನಿಂದ ತಂದು, ಓದುವಂತೆ ಬಡಿಸುವುದು ಅದರ ಕೆಲಸ. ಆ ಪ್ರೋಗ್ರಾಮನ್ನು ಜಾವಾ ಎಂಬ ಭಾಷೆಯಲ್ಲಿ ಬರೆದವನು ನಾನು. ಸ್ಟೋರನ್ನು ನಾನು ಬರೆದಿಲ್ಲ. ಅದು ಮೈಎಸ್‌ಕ್ಯೂಎಲ್ ಎಂಬ ಹೆಸರಿನ, 1995ರಿಂದ ಲೋಕದಲ್ಲಿ ಬಳಕೆಯಲ್ಲಿರುವ ತಂತ್ರಾಂಶ.

ಈ ಬಗೆಯ ಸ್ಟೋರಿನಲ್ಲಿ ಲೆಕ್ಕವು ಕೋಷ್ಟಕಗಳಾಗಿ, ಅಡ್ಡಸಾಲು ನಿಲುಸಾಲುಗಳಲ್ಲಿ ಇರುತ್ತದೆ. ಸದಸ್ಯರ ಪಟ್ಟಿ ಒಂದು ಕೋಷ್ಟಕ, ವಂತಿಗೆಯ ಪಟ್ಟಿ ಇನ್ನೊಂದು. ಸದಸ್ಯ ಸಂಖ್ಯೆಯು ಎರಡನ್ನೂ ಬೆಸೆಯುತ್ತದೆ. ಕಿರ್ದಿ ಖತಾವಣಿ ಬರೆದವರಿಗೆ ಇದರಲ್ಲಿ ಹೊಸತೇನೂ ಕಾಣದು. ಆದರೆ ಯಂತ್ರಗಳಲ್ಲಿ ಮೊದಲು ಹೀಗಿರಲಿಲ್ಲ. ಒಂದು ವಿಷಯ ಬೇಕಾದರೆ ಅದು ಎಲ್ಲಿ ಹುದುಗಿದೆ, ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನೂ ಪ್ರೋಗ್ರಾಮು ಬರೆಯುವವನೇ ತಿಳಿದಿರಬೇಕಾಗಿತ್ತು. ಬೇಕಾದುದು ಯಾವುದೆಂದು ಹೇಳಿದರೆ ಸಾಕು, ದಾರಿಯನ್ನು ಯಂತ್ರ ಹುಡುಕಿಕೊಳ್ಳಲಿ ಎಂಬ ವಿಚಾರವನ್ನು 1970ರಲ್ಲಿ ಮುಂದಿಟ್ಟವರು ಅಮೆರಿಕದ ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್. ಹುಟ್ಟಿನಿಂದ ಇಂಗ್ಲಿಷಿನವರು, ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು. ಅವರ ವಿಚಾರದ ಬೆನ್ನಿಗೇ ಹುಟ್ಟಿದ ಅಪ್ಪಣೆಯ ಭಾಷೆಯನ್ನು ಎಸ್‌ಕ್ಯೂಎಲ್ ಎನ್ನುತ್ತಾರೆ.

ಈಗ ಸಂಪರ್ಕದ ಮಾತು. ಪ್ರೋಗ್ರಾಮು ಸ್ಟೋರಿನ ಬಾಗಿಲು ತಟ್ಟಿದ ಕೂಡಲೇ ಅದು ತೆರೆಯುವುದಿಲ್ಲ. ಯಂತ್ರದ ವಿಳಾಸ, ಬಾಗಿಲಿನ ಸಂಖ್ಯೆ (ಮೈಎಸ್‌ಕ್ಯೂಎಲ್‌ಗೆ ವಾಡಿಕೆಯ ಬಾಗಿಲು 3306), ಯಾವ ದಫ್ತರ ಬೇಕು, ಕೇಳುವವರ ಹೆಸರು, ಗುಪ್ತಪದ, ಇಷ್ಟನ್ನೂ ಒಪ್ಪಿಸಬೇಕು. ಜಾವಾದ ಮಾತು ಮೈಎಸ್‌ಕ್ಯೂಎಲ್‌ಗೆ ತಿಳಿಯದಾದುದರಿಂದ ನಡುವೆ ಡ್ರೈವರ್ ಎಂಬ ದುಭಾಷಿಯೂ ಬೇಕು. ಯಾವ ಲಿಪಿಯಲ್ಲಿ ಮಾತನಾಡುತ್ತೇವೆಂಬುದನ್ನೂ ಆಗಲೇ ಗೊತ್ತುಮಾಡಿಕೊಳ್ಳಬೇಕು. ಇದನ್ನು ಮರೆತ ಫಲವನ್ನು ನಾವು ಮೊದಲ ದಿನವೇ ಉಂಡೆವು. 2022ರ ಏಪ್ರಿಲಿನಲ್ಲಿ ನಮ್ಮ ಹೆಸರುಗಳನ್ನೆಲ್ಲ ಕನ್ನಡದಲ್ಲಿ ಹೊಡೆದು, ಮಾರನೆಯ ದಿನ ತೆರೆದು ನೋಡಿದರೆ ಪ್ರತಿಯೊಬ್ಬ ಸದಸ್ಯನೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿದ್ದ! ಸಂಪರ್ಕವು ಯುರೋಪಿನ ಅಕ್ಷರಗಳಿಗಷ್ಟೇ ಒಪ್ಪಿದ ಲಿಪಿಯಲ್ಲಿ ನಡೆದಿತ್ತು. ಕನ್ನಡದ ಅಕ್ಷರ ಬಂದಾಗ ದುಭಾಷಿಯು ತನಗೆ ಬಾರದ ಪ್ರತಿಯೊಂದು ಅಕ್ಷರಕ್ಕೂ ಒಂದು ಪ್ರಶ್ನೆ ಗುರುತು ಇಟ್ಟು ಕಳಿಸಿತ್ತು. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಸ್ಥಾನ ಇದ್ದರೇನು, ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಮುಂಬಯಿಯಲ್ಲಿ ಕನ್ನಡ ಶಾಲೆಗಳಿಗಾಗಿ ಓಡಾಡಿದ ಹಿರಿಯರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಸಂಪರ್ಕದ ವಿವರದಲ್ಲಿ ಲಿಪಿಯನ್ನು ತಿದ್ದಿ, ಹೆಸರುಗಳನ್ನೆಲ್ಲ ಎರಡನೆಯ ಸಲ ಹೊಡೆದೆವು.

ಬಾಗಿಲಿನಲ್ಲಿ ಇಷ್ಟೆಲ್ಲ ವಿಚಾರಣೆಯಾಗುವುದರಿಂದ ಒಂದು ಸಂಪರ್ಕ ಏರ್ಪಡುವುದಕ್ಕೆ ಕಾಲ ಹಿಡಿಯುತ್ತದೆ. ಪ್ರತಿ ಕೋರಿಕೆಗೂ ಹೊಸದಾಗಿ ಬಾಗಿಲು ತಟ್ಟಿ, ಕೆಲಸವಾದೊಡನೆ ಮುಚ್ಚಿದರೆ ಗುಂಪಿನ ದಿನ ಕೆಲಸ ಸಾಗದು. ಆದಕಾರಣ ಕೆಲವು ಸಂಪರ್ಕಗಳನ್ನು ಮೊದಲೇ ತೆರೆದಿಟ್ಟುಕೊಂಡು, ಬಂದವರಿಗೆ ಸರದಿಯಂತೆ ಕೊಟ್ಟು, ಕೆಲಸ ಮುಗಿದ ಮೇಲೆ ಹಿಂದಕ್ಕೆ ಪಡೆಯುವ ಪದ್ಧತಿ ಇದೆ. ಅದಕ್ಕೆ ಪೂಲ್ ಎನ್ನುತ್ತಾರೆ. ನಾನು ಬಳಸಿದ ಪೂಲಿನ ಹೆಸರು ಹಿಕಾರಿ. ಜಪಾನಿ ಭಾಷೆಯಲ್ಲಿ ಬೆಳಕು ಎಂದು ಅರ್ಥ. ನಾವಾಗಿ ಬದಲಿಸದಿದ್ದರೆ ಅದು ಹತ್ತು ಸಂಪರ್ಕಗಳನ್ನು ಇಟ್ಟುಕೊಳ್ಳುತ್ತದೆ. ಹತ್ತೂ ಕೆಲಸದಲ್ಲಿದ್ದರೆ ಹನ್ನೊಂದನೆಯ ಕೋರಿಕೆ ಕಾಯಬೇಕು. 30 ಸೆಕೆಂಡು ಕಾದರೂ ಸಿಗದಿದ್ದರೆ ಇಲ್ಲವೆಂದು ಹೇಳಿ ಕಳಿಸುತ್ತದೆ. ಆ ರಾತ್ರಿಯ ಅರ್ಧ ನಿಮಿಷದ ಚಕ್ರ ಇದೇ.

ಗಿರಣಿಯವರಿಗೆ ಇದನ್ನು ಹೇಳುವುದು ಸುಲಭ. 1982ರ ಮುಷ್ಕರದ ಅನಂತರ ಒಂದೊಂದಾಗಿ ಗಿರಣಿಗಳು ಮುಚ್ಚಿದವು, ಭೋಂಗಾ ಕೇಳಿ ಏಳುವವರು ಈಗಿಲ್ಲ. ಆದರೂ ಬದ್ಲಿ ಕೆಲಸ ಮಾಡಿದವರು ಈ ಸಭೆಯಲ್ಲಿ ಇದ್ದೀರಿ. ಬೆಳಿಗ್ಗೆ ಪಾಸು ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುವುದು, ಯಾವ ಮಗ್ಗ ಖಾಲಿಯೋ ಅದನ್ನು ಜಾಬರ್ ತೋರಿಸುವುದು, ಪಾಳಿ ಮುಗಿದ ಮೇಲೆ ಮಗ್ಗ ಬಿಟ್ಟುಕೊಡುವುದು. ಹತ್ತೇ ಮಗ್ಗಗಳಿವೆ ಎಂದಿಟ್ಟುಕೊಳ್ಳಿ. ಒಬ್ಬ ಬದ್ಲಿಯು ನಡುವೆ ನೂಲು ಹರಿದು, ಏನೂ ತೋಚದೆ, ಜಾಬರನಿಗೆ ಹೇಳದೆ ಹಿಂಬಾಗಿಲಿನಿಂದ ಮನೆಗೆ ಹೋದ. ಜಾಬರನ ಪುಸ್ತಕದಲ್ಲಿ ಆ ಮಗ್ಗದ ಮುಂದೆ ಅವನ ಹೆಸರು ಇನ್ನೂ ಇದೆ. ಮಗ್ಗ ನಿಂತಿದೆ, ಆದರೆ ಖಾಲಿಯೆಂದು ಲೆಕ್ಕವಿಲ್ಲ. ಹೀಗೆ ಹತ್ತು ಮಂದಿ ಹೋದರೆ, ಹತ್ತು ಮಗ್ಗಗಳೂ ಸುಮ್ಮನೆ ನಿಂತು, ಬಾಗಿಲಲ್ಲಿ ಜನವೂ ಸುಮ್ಮನೆ ನಿಲ್ಲಬೇಕಾಗುತ್ತದೆ.

ನಮ್ಮಲ್ಲಿ ಆದದ್ದು ಅಕ್ಷರಶಃ ಇದು. ಸೋಮವಾರ ಬೆಳಿಗ್ಗೆ ನಾನು ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರುಮಾಡಿದೆ, ಎಲ್ಲವೂ ಸರಿಯಾಯಿತು. ಸರಿಯಾದುದೇ ನನಗೆ ಹೆಚ್ಚು ಭಯ ತಂದಿತು, ಯಾಕೆಂದರೆ ಕಾರಣ ಗೊತ್ತಾಗಿರಲಿಲ್ಲ. ಮಾರನೆಯ ಭಾನುವಾರದವರೆಗೆ ದಿನಕ್ಕೆ ಹಲವು ಸಲ ಡೇಟಾಬೇಸನ್ನೇ ಕೇಳುತ್ತಾ ಬಂದೆ: ಈಗ ನಿನ್ನೊಳಗೆ ಯಾರ್ಯಾರು ಇದ್ದಾರೆ, ಏನು ಮಾಡುತ್ತಿದ್ದಾರೆ? ಮೈಎಸ್‌ಕ್ಯೂಎಲ್‌ನಲ್ಲಿ ಹಾಗೆ ಕೇಳುವುದಕ್ಕೆ ಒಂದು ಅಪ್ಪಣೆಯಿದೆ. ಉತ್ತರದಲ್ಲಿ ಹತ್ತು ಸಂಪರ್ಕಗಳೂ ‘ಸ್ಲೀಪ್’, ನಿದ್ರೆ, ಎಂದೇ ಬರುತ್ತಿದ್ದವು. ಬಿಡುವಿನಲ್ಲಿದ್ದರೂ ನಿದ್ರೆಯೆಂದೇ ತೋರಿಸುತ್ತದೆ, ಮರಳಿಸದೆ ಬಿಟ್ಟುಹೋದರೂ ನಿದ್ರೆಯೆಂದೇ ತೋರಿಸುತ್ತದೆ. ಹೊರಗಿನಿಂದ ನೋಡಿದರೆ ಭೇದವಿಲ್ಲ. ಆದುದರಿಂದ ಪೂಲಿನ ಕಡೆಯ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಿದೆ. ಅಲ್ಲಿ ಮೂರು ಸಂಪರ್ಕಗಳು ‘ಬಳಕೆಯಲ್ಲಿವೆ’ ಎಂದಿತ್ತು. ಆಗ ಮಧ್ಯರಾತ್ರಿ. ಯಂತ್ರದ ಮುಂದೆ ನನ್ನ ಹೊರತು ಒಬ್ಬರೂ ಇರಲಿಲ್ಲ.

ಆ ಮೂರನ್ನು ಪಡೆದು ಮರಳಿಸದವರು ಯಾರು? ಪ್ರೋಗ್ರಾಮು ಬರೆದಿಟ್ಟ ದಿನಚರಿಯಲ್ಲಿ ಮೂರು ದೋಷಗಳು ದಾಖಲಾಗಿದ್ದವು. ಮೂರೂ ಹೆಸರು ಹುಡುಕುವಾಗ ಆದವು. ಒಂದು ಡಿ'ಸೋಜ, ಒಂದು ಡಿ'ಮೆಲ್ಲೊ, ಮತ್ತೊಂದು ಡಿ'ಸೋಜ.

ಬಂಧುಗಳೇ, ಆ ಹೆಸರಿನಲ್ಲಿ ‘ಡಿ’ ಆದ ಮೇಲೆ ಮೇಲುಗಡೆ ಒಂದು ಸಣ್ಣ ಕೊಕ್ಕೆ ಇದೆಯಲ್ಲ, ಎಲ್ಲವೂ ಅದರಿಂದ. ಎಸ್‌ಕ್ಯೂಎಲ್ ಭಾಷೆಯಲ್ಲಿ ಹೆಸರನ್ನು ಎರಡು ಕೊಕ್ಕೆಗಳ ನಡುವೆ ಬರೆಯುವುದು ನಿಯಮ. ನಾನು ಪ್ರೋಗ್ರಾಮಿನಲ್ಲಿ, “ಯಾರ ಹೆಸರು ಇಂಥದೋ ಅವರ ಸಾಲನ್ನು ಕೊಡು” ಎಂಬ ವಾಕ್ಯವನ್ನು ಬರೆದು, ನೀವು ಹೊಡೆದ ಹೆಸರನ್ನು ಎರಡು ಕೊಕ್ಕೆಗಳ ನಡುವೆ ಹಾಗೆಯೇ ಅಂಟಿಸಿದ್ದೆ. ಶೆಟ್ಟಿ, ಪೂಜಾರಿ, ಗೌಡ, ಪಾಟೀಲ, ಯಾರಿಗೂ ತೊಂದರೆಯಿಲ್ಲ. ಡಿ'ಸೋಜ ಎಂದಾಗ ಮಾತ್ರ ‘ಡಿ’ ಆದೊಡನೆ ಕೊಕ್ಕೆ ಬಂತು. ಹೆಸರು ಅಲ್ಲಿಗೆ ಮುಗಿಯಿತೆಂದು ಡೇಟಾಬೇಸು ತಿಳಿಯಿತು. ಉಳಿದ ‘ಸೋಜ’ ಎಂಬುದು ಅದಕ್ಕೆ ಅರ್ಥವಾಗದ ಅಪ್ಪಣೆ. ವಾಕ್ಯ ತಪ್ಪೆಂದು ಉತ್ತರ ಕೊಟ್ಟಿತು. ಉತ್ತರ ಬಂದ ಗಳಿಗೆಯಲ್ಲಿ ನನ್ನ ಪ್ರೋಗ್ರಾಮು ಮುಂದಿನ ಸಾಲುಗಳನ್ನೆಲ್ಲ ಬಿಟ್ಟು ಹೊರಕ್ಕೆ ನೆಗೆಯಿತು. ಸಂಪರ್ಕವನ್ನು ಹಿಂದಿರುಗಿಸುವ ಸಾಲು ಆ ಬಿಟ್ಟುಹೋದ ಸಾಲುಗಳಲ್ಲಿತ್ತು. ಒಂದು ಡಿ'ಸೋಜಕ್ಕೆ ಒಂದು ಮಗ್ಗ ನಷ್ಟ.

ಎರಡು ವರ್ಷ ಇದು ಯಾಕೆ ತಿಳಿಯಲಿಲ್ಲ? ತಿಂಗಳಿಗೆ ಒಂದೋ ಎರಡೋ ಹೀಗೆ ಕಳೆದುಹೋಗುತ್ತಿದ್ದವು. ಅಷ್ಟರಲ್ಲಿ ನಾನು ಯಾವುದೋ ತಿದ್ದುಪಡಿಗಾಗಿ ಪ್ರೋಗ್ರಾಮನ್ನು ಮತ್ತೆ ಶುರುಮಾಡಿದಾಗ ಹತ್ತೂ ಹೊಸದಾಗಿ ಬಂದುಬಿಡುತ್ತಿದ್ದವು. ಅಲ್ಲದೆ ಮೇಜಿನ ಬಳಿ ಕುಳಿತುಕೊಳ್ಳುವ ನಮ್ಮ ಹುಡುಗರು ಜಾಣರು. ಪೂರ್ತಿ ಹೆಸರು ಹೊಡೆದರೆ ಕೆಂಪು ಅಕ್ಷರ ಬರುತ್ತದೆ, ‘ಸೋಜ’ ಎಂದಷ್ಟೇ ಹೊಡೆದರೆ ಸಿಗುತ್ತದೆ ಎಂದು ಕಂಡುಕೊಂಡು ಕೆಲಸ ಸಾಗಿಸಿದ್ದರು. ಸೆಪ್ಟೆಂಬರ್ 8ಕ್ಕೆ ತೆನೆಹಬ್ಬ. ಊರಿಗೆ ಹೋಗುವ ಮುಂಚೆ ವಂತಿಗೆ ಕಟ್ಟಿಹೋಗೋಣವೆಂದು ನಮ್ಮ ಕ್ರೈಸ್ತ ಬಾಂಧವರು ಆ ಭಾನುವಾರ ಒಟ್ಟಾಗಿ ಬಂದಿದ್ದರು. ಅಂದು ಮೇಜಿನಲ್ಲಿದ್ದವನು ಹೊಸ ಹುಡುಗ. ಪ್ರತಿ ಸಲವೂ ಮೊದಲು ಪೂರ್ತಿ ಹೆಸರು ಹೊಡೆದು, ಬಳಿಕ ಪಕ್ಕದವನನ್ನು ಕೇಳಿ ಅರ್ಧ ಹೊಡೆಯುತ್ತಿದ್ದ. ಸಂಜೆಯ ಹೊತ್ತಿಗೆ ಹತ್ತೂ ಮುಗಿದವು. ತಮ್ಮ ವಂತಿಗೆಯನ್ನು ಎಲ್ಲರಿಗಿಂತ ಕ್ರಮವಾಗಿ ಕಟ್ಟುವವರ ಹೆಸರಿನಿಂದಲೇ ಇನ್ನೊಬ್ಬ ಸದಸ್ಯನ ಹಣ ತಡೆಯಿತೆಂದು ಕೆಲವರು ತಮಾಷೆ ಮಾಡಿದರೆಂದು ಕೇಳಿದೆ. ತಪ್ಪು ಹೆಸರಿನದಲ್ಲ, ನನ್ನದು. ಅದನ್ನು ಇಲ್ಲಿ ಸ್ಪಷ್ಟಪಡಿಸುತ್ತೇನೆ.

ಕೊಕ್ಕೆಯಿಂದ ಇದಕ್ಕಿಂತ ದೊಡ್ಡ ಕೇಡೂ ಆಗಬಹುದಿತ್ತು. ಸಪ್ಲಾಯರ್ ಚೀಟಿ ಬರೆದುಕೊಂಡು ಒಳಗೆ ಕೊಡುತ್ತಾನೆ. ಗಿರಾಕಿ ಆ ಚೀಟಿಯನ್ನು ಎಳೆದುಕೊಂಡು, “ಎರಡು ಇಡ್ಲಿ” ಎಂಬುದರ ಮುಂದೆ “ಮತ್ತು ಗಲ್ಲಾದಲ್ಲಿರುವುದನ್ನೆಲ್ಲ ಕೊಟ್ಟು ಕಳಿಸಿ” ಎಂದು ಸೇರಿಸಿದರೆ? ನಿಮ್ಮ ಅಡುಗೆಭಟ್ಟರು ನಕ್ಕು ಚೀಟಿಯನ್ನು ಒಲೆಗೆ ಹಾಕಿಯಾರು. ಡೇಟಾಬೇಸಿಗೆ ನಗು ಬಾರದು. ಪ್ರೋಗ್ರಾಮಿನ ಕೈಯಿಂದ ಬಂದದ್ದೆಲ್ಲ ಅದಕ್ಕೆ ಧಣಿಯ ಅಪ್ಪಣೆ. ದುರುದ್ದೇಶದವನೊಬ್ಬ ಹೆಸರಿನ ಜಾಗದಲ್ಲಿ ಬೇಕೆಂದೇ ಒಂದು ಕೊಕ್ಕೆ ಹಾಕಿ, “ಅಥವಾ ಒಂದು ಒಂದಕ್ಕೆ ಸಮ” ಎಂಬರ್ಥದ ಮಾತನ್ನು ಆ ಭಾಷೆಯಲ್ಲಿ ಬರೆದನೆನ್ನಿ. ಒಂದು ಒಂದಕ್ಕೆ ಯಾವಾಗಲೂ ಸಮವೇ. ಆದುದರಿಂದ ಎಲ್ಲ ಸದಸ್ಯರ ಸಾಲುಗಳೂ, ಬ್ಯಾಂಕಿನ ಖಾತೆ ಸಂಖ್ಯೆಯ ಸಮೇತ, ಅವನ ಪರದೆಯ ಮೇಲೆ ಬಂದು ಬೀಳುತ್ತವೆ. ಲೋಕದಲ್ಲಿ ಹೀಗೆ ದೊಡ್ಡ ದೊಡ್ಡ ಸಂಸ್ಥೆಗಳ ಲೆಕ್ಕ ಕಳವಾಗಿವೆ. ನಮ್ಮ ದಿನಚರಿಯನ್ನು ಮೊದಲಿನಿಂದ ಓದಿ ನೋಡಿದೆ, ಯಾರೂ ಹಾಗೆ ಮಾಡಿದ ಗುರುತಿಲ್ಲ. ನಮ್ಮ ಎಚ್ಚರಿಕೆಯಿಂದ ಉಳಿದೆವೆಂದು ಹೇಳಲಾರೆ.

ಇದಕ್ಕೆ ಮದ್ದು ಹಳೆಯದೇ, ನಾನು ಮೊದಲೇ ಮಾಡಬೇಕಾಗಿದ್ದುದು. ವಾಕ್ಯವನ್ನು ಮೊದಲು ಬೇರೆಯಾಗಿ ಒಪ್ಪಿಸಿ, ಹೆಸರಿನ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಹೆಸರನ್ನು ಬಳಿಕ ಪ್ರತ್ಯೇಕವಾಗಿ ಕೊಡುವುದು. ಆಗ ನೀವು ಏನು ಹೊಡೆದರೂ ಅದು ಹೆಸರಾಗಿಯೇ ಉಳಿಯುತ್ತದೆ, ಅಪ್ಪಣೆಯಾಗಲಾರದು. ಈಗ ಎಲ್ಲ ಕಡೆಯೂ ಹಾಗೆ ಬದಲಿಸಿದ್ದೇನೆ. ಇನ್ನು ಸಂಪರ್ಕ ಮರಳಿಸುವ ವಿಷಯ: ಜಾವಾದಲ್ಲಿ 2011ರಿಂದಲೂ ಒಂದು ಬರವಣಿಗೆಯ ರೀತಿ ಇದೆ, ಅದರಲ್ಲಿ ಪಡೆದ ಸಂಪರ್ಕವು ಕೆಲಸ ಮುಗಿದರೂ, ನಡುವೆ ಕೆಟ್ಟರೂ, ತಾನಾಗಿಯೇ ಹಿಂದಕ್ಕೆ ಹೋಗುತ್ತದೆ. ಅದನ್ನೂ ಅಳವಡಿಸಿದೆ. ಯಾವುದಾದರೂ ಸಂಪರ್ಕ ಗೊತ್ತಾದ ಹೊತ್ತಿಗಿಂತ ಹೆಚ್ಚು ಕಾಲ ಹೊರಗಿದ್ದರೆ ದಿನಚರಿಯಲ್ಲಿ ಎಚ್ಚರಿಕೆ ಬರೆಯುವ ಸೌಲಭ್ಯ ಹಿಕಾರಿಯಲ್ಲಿಯೇ ಇದೆ, ಆದರೆ ನಾವಾಗಿ ಕೇಳದಿದ್ದರೆ ಅದು ಸುಮ್ಮನಿರುತ್ತದೆ. ಈಗ ಕೇಳಿದ್ದೇನೆ.

ಸಮಿತಿಯಲ್ಲಿ ಒಬ್ಬ ತರುಣ ಮಿತ್ರರು, ಹತ್ತರ ಬದಲು ನೂರು ಸಂಪರ್ಕಗಳನ್ನಿಟ್ಟರೆ ಆಗದೇ ಎಂದು ಕೇಳಿದರು. ಬದ್ಲಿಗಳು ಹೇಳದೆ ಮನೆಗೆ ಹೋಗುತ್ತಿದ್ದರೆ ನೂರು ಮಗ್ಗವೂ ಒಂದು ದಿನ ನಿಲ್ಲುತ್ತದೆ, ಸ್ವಲ್ಪ ತಡವಾಗಿ ಅಷ್ಟೆ. ಅತ್ತ ಡೇಟಾಬೇಸಿಗೂ ಮಿತಿಯಿದೆ. ಮೈಎಸ್‌ಕ್ಯೂಎಲ್ ಸಾಧಾರಣವಾಗಿ ಒಟ್ಟು 151 ಸಂಪರ್ಕಗಳನ್ನು ಒಪ್ಪುತ್ತದೆ, ಪ್ರತಿಯೊಂದೂ ಯಂತ್ರದ ನೆನಪಿನಲ್ಲಿ ಜಾಗ ತಿನ್ನುತ್ತದೆ. ನಮ್ಮಷ್ಟು ಜನರಿಗೆ ಹತ್ತು ಧಾರಾಳ.

ಬೀಗದ ಕೈಯ ವಿಷಯವನ್ನೂ ಮುಚ್ಚಿಡುವುದಿಲ್ಲ. ಇದುವರೆಗೆ ಪ್ರೋಗ್ರಾಮು ಡೇಟಾಬೇಸಿನೊಳಕ್ಕೆ ಹೋಗುತ್ತಿದ್ದುದು ಸರ್ವಾಧಿಕಾರವಿರುವ ಹೆಸರಿನಲ್ಲಿ. ಲೆಕ್ಕವನ್ನು ಓದುವುದಿರಲಿ, ಕೋಷ್ಟಕವನ್ನೇ ಅಳಿಸಿಹಾಕುವ ಅಧಿಕಾರವೂ ಅದಕ್ಕಿತ್ತು. ತರಕಾರಿ ತರುವ ಮಾಣಿಗೆ ತಿಜೋರಿಯ ಕೈ ಕೊಟ್ಟಂತೆ! ಈಗ ಅದಕ್ಕೆ ಬೇರೆ ಹೆಸರು ಮಾಡಿದೆ: ಓದಬಹುದು, ಸೇರಿಸಬಹುದು, ಕೆಲವು ಕಡೆ ತಿದ್ದಬಹುದು, ಅಳಿಸುವಂತಿಲ್ಲ. ಗುಪ್ತಪದವನ್ನು ಪ್ರೋಗ್ರಾಮಿನ ಪಠ್ಯದಿಂದ ತೆಗೆದು ಸರ್ವರಿನಲ್ಲಿ ಪ್ರತ್ಯೇಕವಾಗಿ ಇಟ್ಟಿದೆ. 3306ನೆಯ ಬಾಗಿಲು ಊರಿಗೆಲ್ಲ ತೆರೆದಿತ್ತು. ಅದನ್ನೂ ನಮ್ಮ ಸರ್ವರ್ ಒಂದರ ಹೊರತು ಬೇರೆಲ್ಲರಿಗೆ ಮುಚ್ಚಿದೆ.

ಒಂದು ವಿಷಯ ಮಾತ್ರ ಮೊದಲಿನಿಂದಲೂ ಸರಿಯಾಗಿತ್ತು, ಅದನ್ನು ಹೇಳದಿದ್ದರೆ ನಿಮಗೆ ಅನವಶ್ಯಕ ಕಳವಳವಾದೀತು. ನಿಧಿಯಿಂದ ಹಣ ಕೊಟ್ಟಾಗ ಎರಡು ಕಡೆ ಬರೆಯಬೇಕು: ಸದಸ್ಯನ ಖಾತೆಯಲ್ಲಿ ಕೊಟ್ಟದ್ದು, ನಿಧಿಯ ಶಿಲ್ಕಿನಲ್ಲಿ ಕಳೆದದ್ದು. ಒಂದು ಬರೆದು ಇನ್ನೊಂದು ಬರೆಯುವಷ್ಟರಲ್ಲಿ ಸಂಪರ್ಕ ಹರಿದರೆ ಲೆಕ್ಕ ಕೂಡುವುದಿಲ್ಲ. ಆದುದರಿಂದ ಎರಡನ್ನೂ ಒಂದೇ ವ್ಯವಹಾರವಾಗಿ ಕಟ್ಟಿದ್ದೆ. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಕೂಡದು. ಆ ರಾತ್ರಿ ಯಂತ್ರ ನಿಂತಿತೇ ಹೊರತು ಒಂದು ರೂಪಾಯಿಯ ಲೆಕ್ಕವೂ ತಪ್ಪಿಲ್ಲ. ಲೆಕ್ಕತಪಾಸಣೆಯವರು ಹಳೆಯ ರಸೀತಿಗಳೊಡನೆ ತಾಳೆ ನೋಡಿದ್ದಾರೆ.

ಹಿರಿಯರ ಪ್ರಶ್ನೆಗೆ ಬರುತ್ತೇನೆ. ಪುಸ್ತಕ ಇದ್ದಾಗ ಹೀಗಾಗಿರಲಿಲ್ಲ. ಪುಸ್ತಕವನ್ನು ತೆರೆಯುವುದಕ್ಕೆ ಯಾರ ಸಂಪರ್ಕವೂ ಬೇಕಿರಲಿಲ್ಲ. ಆದರೆ ಪುಸ್ತಕ ಇದ್ದಾಗ ನಮ್ಮ ಪುಣೆಯ ಸದಸ್ಯನು ತನ್ನ ಲೆಕ್ಕ ನೋಡುವುದಕ್ಕೆ ಒಂದು ದಿನದ ಕೂಲಿ ಬಿಟ್ಟು ಬರಬೇಕಾಗಿತ್ತು, ಮತ್ತು ಕಪಾಟಿನ ಬೀಗದ ಕೈ ಇದ್ದವರು ಊರಿಗೆ ಹೋದರೆ ತಿಂಗಳುಗಟ್ಟಲೆ ಕಾದದ್ದೂ ಉಂಟು. ಯಂತ್ರವನ್ನು ಬಿಡಬೇಕೆಂದು ನಾನು ಹೇಳಲಾರೆ. ನಾನು ಮಾಡಿದ ಅತಿ ದೊಡ್ಡ ತಪ್ಪು ಕೊಕ್ಕೆಯದಲ್ಲ. ಯಂತ್ರ ನಿಂತ ಹೊತ್ತಿನಲ್ಲಿ ಕಾರ್ಯದರ್ಶಿಗಳ ಕೈಯಲ್ಲಿ ಏನಿರಬೇಕೆಂದು ನಾನು ಯೋಚಿಸಿರಲಿಲ್ಲ. ಈಗ ಪ್ರತಿ ರಾತ್ರಿ ಒಂಬತ್ತು ಗಂಟೆಗೆ ಎಲ್ಲ ಸದಸ್ಯರ ವಂತಿಗೆಯ ಪಟ್ಟಿ ಕಚೇರಿಯ ಯಂತ್ರಕ್ಕೆ ಇಳಿಯುತ್ತದೆ, ಭಾನುವಾರ ಅದು ಕಾಗದದಲ್ಲಿ ಮುದ್ರಣವಾಗಿ ಕಪಾಟು ಸೇರುತ್ತದೆ. ತುರ್ತು ಹಣವನ್ನು ಆ ಪಟ್ಟಿ ನೋಡಿಯೇ ಕೊಡಬಹುದೆಂದು ಸಮಿತಿ ಠರಾವು ಮಾಡಿದೆ. ಸರ್ವರಿನ ಗುಪ್ತಪದವು ನನ್ನೊಬ್ಬನಲ್ಲಿಯೇ ಇರಕೂಡದೆಂದು ನಾನೇ ಕೇಳಿಕೊಂಡೆ. ಮೊಹರು ಮಾಡಿದ ಲಕೋಟೆಯಲ್ಲಿ ಅಧ್ಯಕ್ಷರ ಬಳಿ ಇದೆ.

ಇನ್ನೊಂದು ವಿನಂತಿ ಮೇಜಿನ ಬಳಿ ಕುಳಿತುಕೊಳ್ಳುವ ತಮ್ಮಂದಿರಿಗೆ. ಕೆಂಪು ಅಕ್ಷರ ಬಂದಾಗ ಬೇರೆ ದಾರಿ ಹುಡುಕಿ ಕೆಲಸ ಮುಗಿಸಿ, ಬೇಡವೆನ್ನುವುದಿಲ್ಲ, ಎದುರಿಗೆ ಜನ ನಿಂತಿರುತ್ತಾರೆ. ಆದರೆ ಏನು ಹೊಡೆದಾಗ ಬಂತು, ಎಷ್ಟು ಗಂಟೆಗೆ ಬಂತು ಎಂದು ಬರೆದಿಡಿ. ಅದಕ್ಕಾಗಿ ಒಂದು ನೂರು ಪುಟದ ಪುಸ್ತಕವನ್ನು ದಾರ ಕಟ್ಟಿ ಮೇಜಿಗೆ ತೂಗುಹಾಕಿದ್ದೇನೆ. ಕಳೆದ ಭಾನುವಾರ ನಮ್ಮ ಡಿ'ಸೋಜ ಮಾಮ್ ತಾವೇ ಬಂದು ಕುಳಿತು, ತಮ್ಮ ಹೆಸರನ್ನು ಕೊಕ್ಕೆಯ ಸಮೇತ ಹೊಡೆದು ನೋಡಿದರು. ಮೊದಲ ಸಲಕ್ಕೇ ಬಂತು. ಪುಸ್ತಕದ ಮೊದಲನೆಯ ಪುಟದಲ್ಲಿ ಅದನ್ನೇ ಬರೆದು ಸಹಿ ಹಾಕಿ ಹೋಗಿದ್ದಾರೆ.